ಕಿಟಕಿ ಗಾಜಿಗೆ ಟೇಪ್ ಹಚ್ಚಿ ಕಲಿಸೋ ಪ್ರೊಜೆಕ್ಟಿವ್ ಜಾಮೆಟ್ರಿ ಕೋರ್ಸ್: ನನ್ನ ರಿವ್ಯೂ

ಡಿಗ್ರಿ ಮ್ಯಾತ್ಸ್ ಓದೋರಿಗೆ ಪರ್ಸ್ಪೆಕ್ಟಿವ್ ಡ್ರಾಯಿಂಗ್ (ಕಣ್ಣಿಗೆ ಕಂಡಂಗೆ ದೂರ ಹತ್ತಿರ ತೋರಿಸಿ ಬರೆಯೋದು) ಮೂಲಕ ಪ್ರೊಜೆಕ್ಟಿವ್ ಜಾಮೆಟ್ರಿ, ಅಂದ್ರೆ ಹಾಗೆ ಬರೆದಾಗ ಆಕಾರಗಳಲ್ಲಿ ಏನು ಬದಲಾಗುತ್ತೆ ಏನು ಉಳಿಯುತ್ತೆ ಅನ್ನೋ ಗಣಿತ, ಹೇಳಿಕೊಡೋ ಒಂದು ಸೆಮಿಸ್ಟರ್ ಕೋರ್ಸ್ ಇದು. ವಿಡಿಯೋಗಳು, ಪ್ರಿಂಟ್ ತಗೊಂಡು ಗೆರೆ ಎಳೀಬೇಕಾದ ವರ್ಕ್‌ಶೀಟ್‌ಗಳು, ವಾರಕ್ಕೊಂದು ಲೈವ್ ಕ್ಲಾಸು, ಕೊನೇಲಿ ಒಂದು ಪ್ರಾಜೆಕ್ಟು. ನಾನು ಮ್ಯಾತ್ಸ್ ಪಾಠ ಮಾಡೋಳು, ನನ್ನ ಫೈನಲ್ ಇಯರ್ ಸ್ಟೂಡೆಂಟ್ಸ್ ಜೊತೆ ಕೂತು ಪೂರ್ತಿ ಮಾಡಿ ಮುಗಿಸಿದೀನಿ, ಅವ್ರು ಎಳೆದ ಗೆರೆಗಳನ್ನೆಲ್ಲಾ ನಾನೂ ಎಳೆದಿದೀನಿ. ತೀರ್ಪು ಮೊದ್ಲೇ ಹೇಳ್ಬಿಡ್ತೀನಿ: ಮೊದಲ ಮೂರನೇ ಎರಡು ಭಾಗ ನಾನು ನೋಡಿರೋ ಮ್ಯಾತ್ಸ್ ಪಾಠಗಳಲ್ಲೇ ತುಂಬಾ ಒಳ್ಳೇದು, ಕೊನೇ ಭಾಗ ಅವಸರದ್ದು, ಅಲ್ಲಿ ಪಾಠ ಮಾಡೋರು ಕೈ ಹಾಕ್ಲೇಬೇಕು. ಹಾಕೋಕೆ ಟೈಮ್ ಇದ್ರೆ ಖಂಡಿತ ತಗೊಳ್ಳಿ.

ಈ ಸಬ್ಜೆಕ್ಟು ಸಾಮಾನ್ಯವಾಗಿ ಹೇಗೆ ಶುರು ಆಗುತ್ತೆ ಅಂತ ಓದಿದೋರಿಗೆ ಗೊತ್ತು. ಬೋರ್ಡ್ ಮೇಲೆ ಮೂರು ಸಂಖ್ಯೆ ಬರೀತಾರೆ, ಇದು ಹೋಮೋಜೀನಿಯಸ್ ಕೋಆರ್ಡಿನೇಟ್ಸ್, ಅಂದ್ರೆ ಸಮತಲದ ಒಂದು ಬಿಂದುವನ್ನ ಗುರುತಿಸೋ ಮೂರು ಸಂಖ್ಯೆ, ಮೂರನ್ನೂ ಸೊನ್ನೆ ಬಿಟ್ಟು ಯಾವ ಸಂಖ್ಯೆಯಿಂದ ಗುಣಿಸಿದ್ರೂ ಅದೇ ಬಿಂದು, ಕೊನೇದು ಸೊನ್ನೆ ಆದ್ರೆ ಅದು ಅನಂತದಲ್ಲಿರೋ ಬಿಂದು, ಎರಡು ಸಮಾಂತರ ರೇಖೆಗಳು ಅಲ್ಲಿ ಸೇರ್ತವೆ, ಬರ್ಕೊಳ್ಳಿ. ಹುಡುಗ್ರು ಬರ್ಕೊಳ್ತಾರೆ, ಪರೀಕ್ಷೇಲೂ ಬರೀತಾರೆ, ಮಾರ್ಕ್ಸೂ ಬರುತ್ತೆ. ಆದ್ರೆ ಹತ್ತು ವರ್ಷದಿಂದ ಸೇರಲ್ಲ ಅಂತ ಹೇಳ್ಕೊಟ್ಟ ಗೆರೆಗಳು ಇವತ್ತು ಯಾಕೆ ಸೇರ್ಬೇಕು, ಸೇರಿಸಿದ್ರೆ ಯಾರಿಗೆ ಏನು ಲಾಭ ಅನ್ನೋ ಪ್ರಶ್ನೆ ಯಾರೂ ಕೇಳಲ್ಲ, ಕೇಳಿದ್ರೂ ಉತ್ತರ ಕೊಡೋಕೆ ಕ್ಲಾಸಲ್ಲಿ ಟೈಮ್ ಇರಲ್ಲ. ಈ ಕೋರ್ಸ್ ಗೆಲ್ಲೋದು ಇಲ್ಲೇ. ಅನಂತದ ಬಿಂದು ಇಲ್ಲದೇ ಇದ್ರೆ ಕೈಯಲ್ಲಿರೋ ಚಿತ್ರಾನೇ ಮುಗಿಯಲ್ಲ ಅನ್ನೋ ಪರಿಸ್ಥಿತಿಗೆ ಮೊದಲು ತಂದು ನಿಲ್ಲಿಸ್ತಾರೆ, ವ್ಯಾಖ್ಯೆ ಆಮೇಲೆ ಬರುತ್ತೆ.

ಮೊದಲ ಕ್ಲಾಸಿನ ಕೆಲಸ ಇದು. ದೊಡ್ಡ ಕಿಟಕಿ ಗಾಜಿನ ಮುಂದೆ ಒಬ್ರು ಒಂದು ಕಣ್ಣು ಮುಚ್ಕೊಂಡು ಅಲ್ಲಾಡದೇ ನಿಲ್ಬೇಕು, ಹೊರಗೆ ಕಾಣೋ ಕಟ್ಟಡದ ಅಂಚುಗಳು ಗಾಜಿನ ಮೇಲೆ ಎಲ್ಲೆಲ್ಲಿ ಬೀಳ್ತವೆ ಅಂತ ಹೇಳ್ತಾ ಹೋಗ್ಬೇಕು, ಉಳಿದೋರು ಅವ್ರ ಮಾತು ಕೇಳ್ಕೊಂಡು ಅಲ್ಲಲ್ಲೇ ಮಾಸ್ಕಿಂಗ್ ಟೇಪ್ ಅಂಟಿಸ್ಬೇಕು. ಸ್ವಲ್ಪ ಮೇಲೆ, ಇಲ್ಲ ಇಲ್ಲ ಬಲಕ್ಕೆ, ಆ ತುದಿ ಇನ್ನೂ ಕೆಳಗೆ ಅಂತ ಗಲಾಟೆ ನಡೀತಾ ಇರುತ್ತೆ, ನಿಂತಿರೋರ ತಲೆ ಒಂಚೂರು ಅಲ್ಲಾಡಿದ್ರೂ ಅಂಟಿಸಿದ್ದೆಲ್ಲಾ ಕಟ್ಟಡದಿಂದ ಜಾರಿ ಹೋಗಿರುತ್ತೆ. ಪರ್ಸ್ಪೆಕ್ಟಿವ್ ಅಂದ್ರೆ ಒಂದೇ ಒಂದು ಕಣ್ಣು, ಒಂದೇ ಒಂದು ಜಾಗ, ನಡುವೆ ಒಂದು ಸಮತಲ, ಇಷ್ಟೇ ಅನ್ನೋದು ಆ ಜಾರೋದ್ರಲ್ಲೇ ಅರ್ಥ ಆಗೋಗುತ್ತೆ. ಇಟಲಿಯ ಆಲ್ಬರ್ಟಿ 1435ರಲ್ಲೇ ಚಿತ್ರ ಅನ್ನೋದನ್ನ ತೆರೆದ ಕಿಟಕಿಗೆ ಹೋಲಿಸಿ ಬರೆದಿದ್ದ, ಕೋರ್ಸಿನೋರು ಆ ಮಾತನ್ನ ಅಕ್ಷರಶಃ ತಗೊಂಡಿದಾರೆ.

ಟೇಪ್ ಎಲ್ಲಾ ಅಂಟಿಸಿ ಆದ್ಮೇಲೆ ಹಿಂದೆ ಸರಿದು ನೋಡಿದ್ರೆ, ನಿಜದಲ್ಲಿ ಸಮಾಂತರವಾಗಿರೋ ಅಂಚುಗಳ ಟೇಪ್‌ಗಳು ಗಾಜಿನ ಮೇಲೆ ಓರೆ ಆಗಿರ್ತವೆ. ದಾರ ಹಿಡಿದು ಅವನ್ನ ಮುಂದುವರಿಸಿದ್ರೆ ಹೆಚ್ಚುಕಡಿಮೆ ಒಂದೇ ಜಾಗದಲ್ಲಿ ಬಂದು ಸೇರ್ತವೆ. ಈಗ ವರ್ಕ್‌ಶೀಟಿನ ಪ್ರಶ್ನೆ: ಗಾಜಿನ ಮೇಲಿರೋ ಈ ಬಿಂದು ಹೊರಗಡೆ ಇರೋ ಯಾವ ಬಿಂದುವಿನ ಚಿತ್ರ? ಕಟ್ಟಡದ ಮೇಲೆ ಹುಡುಕ್ತಾರೆ, ಸಿಗಲ್ಲ. ಕಟ್ಟಡದ ಹಿಂದೆ ಇರ್ಬೇಕು ಅಂತಾರೆ, ಎಷ್ಟು ಹಿಂದೆ ಅಂದ್ರೆ ಹೇಳೋಕಾಗಲ್ಲ. ಒಬ್ಬ ಹುಡುಗಿ ಕೊನೆಗೆ "ಮೇಡಂ, ಅಲ್ಲಿ ಬಿಂದುನೇ ಇಲ್ಲ, ಬರೀ ದಿಕ್ಕು ಇದೆ" ಅಂದ್ಳು. ಇಡೀ ಸಬ್ಜೆಕ್ಟಿನ ಬೀಜ ಅದು. ಕಣ್ಣಿನಿಂದ ಆ ಅಂಚುಗಳಿಗೆ ಸಮಾಂತರವಾಗಿ ಒಂದು ಗೆರೆ ಎಳೆದ್ರೆ ಅದು ಗಾಜನ್ನ ಎಲ್ಲಿ ತಾಗುತ್ತೋ ಅದೇ ವ್ಯಾನಿಶಿಂಗ್ ಪಾಯಿಂಟ್, ಕಟ್ಟಡ ಎಷ್ಟು ದೂರ ಇದೆ ಅನ್ನೋದಕ್ಕೂ ಇದಕ್ಕೂ ಸಂಬಂಧಾನೇ ಇಲ್ಲ, ದಿಕ್ಕೊಂದೇ ಸಾಕು. ಗಾಜಿಗೇ ಸಮಾಂತರವಾಗಿರೋ ಅಂಚುಗಳಾದ್ರೆ ಆ ಗೆರೆ ಗಾಜನ್ನ ಮುಟ್ಟೋದೇ ಇಲ್ಲ, ಹಾಗಾಗಿ ನೆಟ್ಟಗಿರೋ ಗಾಜಲ್ಲಿ ನೆಟ್ಟಗಿರೋ ಕಂಬಗಳು ನೆಟ್ಟಗೇ ಉಳೀತವೆ. ಇದನ್ನ ನಾನು ಬೋರ್ಡ್ ಮೇಲೆ ವರ್ಷಗಟ್ಟಲೆ ಹೇಳಿದೀನಿ, ಇಷ್ಟು ಸಲೀಸಾಗಿ ಯಾವತ್ತೂ ಒಳಗಿಳಿದಿರ್ಲಿಲ್ಲ.

ಎರಡನೇ ದೊಡ್ಡ ಘಟ್ಟ ಬೇಲಿ ಕಂಬಗಳದ್ದು. ದೂರಕ್ಕೆ ಹೋಗ್ತಾ ಇರೋ ಬೇಲಿಯ ಮೊದಲ ಎರಡು ಕಂಬ ಬರೆದು ಕೊಟ್ಟಿರ್ತಾರೆ, ಕಂಬಗಳ ಮಧ್ಯೆ ನಿಜದಲ್ಲಿ ಸಮ ಅಂತರ, ಮೂರನೇದು ಎಲ್ಲಿ ಬರ್ಬೇಕು? ಬಹಳ ಜನ ಅಂತರವನ್ನ ಪ್ರತಿ ಸಲ ಅರ್ಧ ಮಾಡ್ತಾರೆ, ಇನ್ನು ಕೆಲವರು ಮುಕ್ಕಾಲು ಮಾಡ್ತಾರೆ, ನೋಡೋಕೆ ಪರ್ವಾಗಿಲ್ಲ ಅನ್ನೋ ಥರ ಇರುತ್ತೆ ಆದ್ರೆ ತಪ್ಪು. ಸರಿ ದಾರಿ ಕರ್ಣದ್ದು. ಮೊದಲ ಕಂಬದ ತುದಿಯಿಂದ ಎರಡನೇ ಕಂಬದ ನಡುವಿನ ಮೂಲಕ ಗೆರೆ ಎಳೆದು ನೆಲದ ಗೆರೆಗೆ ಮುಟ್ಟಿಸಿದ್ರೆ ಅಲ್ಲೇ ಮೂರನೇ ಕಂಬದ ಬುಡ. ಯಾಕೆ ಅಂತ ಪ್ರೂಫ್ ಬರೀಬೇಕು, ಬರೆಯೋವಾಗ ಗೊತ್ತಾಗುತ್ತೆ ನಾವು ಉಪಯೋಗಿಸಿದ್ದು ಬರೀ ಎರಡು ವಿಷಯ, ಗೆರೆ ಚಿತ್ರದಲ್ಲೂ ಗೆರೇನೇ, ಛೇದಿಸೋ ಜಾಗ ಚಿತ್ರದಲ್ಲೂ ಛೇದಿಸೋ ಜಾಗಾನೇ. ಉದ್ದ ಉಳಿಯಲ್ಲ, ಕೋನ ಉಳಿಯಲ್ಲ, ಮಧ್ಯಬಿಂದು ಕೂಡ ಉಳಿಯಲ್ಲ. ಕಂಬದ ಮಧ್ಯ ಮಾತ್ರ ಸ್ಕೇಲಿಟ್ಟು ಹುಡುಕ್ಬಹುದು, ಯಾಕಂದ್ರೆ ಕಂಬ ಗಾಜಿಗೆ ಸಮಾಂತರ. ಈ ಚಿಕ್ಕ ವಿವರವನ್ನ ವರ್ಕ್‌ಶೀಟ್ ಕೇಳಿಯೇ ಬಿಡುತ್ತೆ, ಅದು ನಂಗೆ ತುಂಬಾ ಹಿಡಿಸ್ತು.

ಹಾಗಾದ್ರೆ ಉಳಿಯೋದೇನು ಅನ್ನೋ ಹಸಿವು ಅಷ್ಟೊತ್ತಿಗೆ ಹುಟ್ಟಿರುತ್ತೆ, ಆಗ ಕ್ರಾಸ್ ರೇಶಿಯೋ ಬರುತ್ತೆ, ಅಂದ್ರೆ ಒಂದೇ ಗೆರೆ ಮೇಲಿನ ನಾಲ್ಕು ಬಿಂದುಗಳ ಅಂತರಗಳಿಂದ ಮಾಡೋ ಎರಡು ಅನುಪಾತಗಳ ಅನುಪಾತ. ಇಲ್ಲಿ ಅವ್ರು ಕೊಡೋ ಲೆಕ್ಕಕ್ಕಿಂತ ನಾನು ಕ್ಲಾಸಲ್ಲಿ ಮಾಡಿಸಿದ್ದು ಸುಲಭ ಅನ್ಸುತ್ತೆ, ಇಲ್ಲೇ ಹಾಕ್ತೀನಿ, ಬೇಕಾದೋರು ಬಳಸ್ಕೊಳ್ಳಿ. ಕಣ್ಣಿನ ಎತ್ತರ ನೆಲದಿಂದ 150 ಸೆಂಟಿಮೀಟರ್, ಗಾಜು ಕಣ್ಣಿಂದ 40 ಸೆಂಟಿಮೀಟರ್ ದೂರ. ಎದುರಿಗೇ 2, 3, 4, 5 ಮೀಟರ್ ದೂರದಲ್ಲಿ ನೆಲದ ಮೇಲೆ ನಾಲ್ಕು ಗುರುತು. ಸಮರೂಪ ತ್ರಿಭುಜ ಹಾಕಿದ್ರೆ ಗಾಜಿನ ಮೇಲೆ ಅವು ದಿಗಂತ ರೇಖೆಯಿಂದ (ಗಾಜಿನ ಮೇಲೆ ಕಣ್ಣಿನ ಮಟ್ಟದ ಗೆರೆ) 30, 20, 15, 12 ಸೆಂಟಿಮೀಟರ್ ಕೆಳಗೆ ಬೀಳ್ತವೆ. ಅಂತರಗಳು 10, 5, 3. ಅರ್ಧ ಆಗ್ತಾ ಹೋಗೋದೂ ಇಲ್ಲ, ಬೇರೆ ಯಾವ ಒಂದೇ ಅನುಪಾತವೂ ಇಲ್ಲ, ನೋಡಿ. ಈಗ ನಾಲ್ಕನ್ನೂ ಎ, ಬಿ, ಸಿ, ಡಿ ಅನ್ಕೊಳ್ಳಿ, ಎ ಇಂದ ಸಿ ದೂರವನ್ನ ಬಿ ಇಂದ ಸಿ ದೂರದಿಂದ ಭಾಗಿಸಿ, ಅದನ್ನ ಎ ಇಂದ ಡಿ ದೂರ ಭಾಗಿಸು ಬಿ ಇಂದ ಡಿ ದೂರದಿಂದ ಭಾಗಿಸಿ. ನೆಲದ ಮೇಲೆ 2/1 ಅಂದ್ರೆ 2, ಅದನ್ನ 3/2ರಿಂದ ಭಾಗಿಸಿದ್ರೆ 4/3. ಗಾಜಿನ ಮೇಲೆ 15/5 ಅಂದ್ರೆ 3, ಅದನ್ನ 18/8ರಿಂದ ಭಾಗಿಸಿದ್ರೆ ಮತ್ತೆ 4/3. ಎಲ್ಲಾ ಬದಲಾಗಿರೋ ಕಡೆ ಈ ಒಂದು ಸಂಖ್ಯೆ ಹಾಗೇ ಕೂತಿರುತ್ತೆ. ಆಮೇಲೆ ಹುಡುಗ್ರೇ ರೈಲು ಹಳಿ, ಮೆಟ್ಟಿಲು, ಟೈಲ್ಸ್ ಫೋಟೋಗಳನ್ನ ಪ್ರಿಂಟ್ ಹಾಕ್ಕೊಂಡು ಸ್ಕೇಲ್ ಇಟ್ಟು ಅಳೆದು 1.3 ಆಸುಪಾಸು ಬರ್ತಾ ಇದೆ ಅಂತ ತಂದು ತೋರಿಸಿದ್ರು, ಯಾರೂ ಹೇಳದೇ.

ನಂಗೆ ಎಲ್ಲಕ್ಕಿಂತ ಇಷ್ಟ ಆದ ಭಾಗ ಯಾವುದು ಅಂದ್ರೆ ಚಿತ್ರ ನೋಡಿ ಕಣ್ಣು ಎಲ್ಲಿರ್ಬೇಕು ಅಂತ ಹಿಂದಕ್ಕೆ ಲೆಕ್ಕ ಹಾಕೋದು. ಒನ್ ಪಾಯಿಂಟ್ ಪರ್ಸ್ಪೆಕ್ಟಿವ್ (ಒಳಕ್ಕೆ ಹೋಗೋ ಗೆರೆಗಳೆಲ್ಲಾ ಒಂದೇ ವ್ಯಾನಿಶಿಂಗ್ ಪಾಯಿಂಟಿಗೆ ಸೇರೋದು) ಇರೋ ಚಿತ್ರದಲ್ಲಿ ಚೌಕ ಟೈಲ್ಸ್ ನೆಲ ಇದ್ರೆ ಟೈಲ್ಸಿನ ಕರ್ಣಗಳನ್ನ ದಿಗಂತ ರೇಖೆ ತನಕ ಎಳೀರಿ, ಅವು ಸೇರೋ ಜಾಗಕ್ಕೂ ಮುಖ್ಯ ವ್ಯಾನಿಶಿಂಗ್ ಪಾಯಿಂಟಿಗೂ ಇರೋ ದೂರಾನೇ ಕಣ್ಣಿಗೂ ಚಿತ್ರಕ್ಕೂ ಇರಬೇಕಾದ ದೂರ. ನಲವತ್ತೈದು ಡಿಗ್ರಿ ತ್ರಿಭುಜ ಒಂದೇ ಸಾಕು ಪ್ರೂಫ್‌ಗೆ. ಅಷ್ಟು ದೂರದಲ್ಲಿ, ಆ ಬಿಂದುವಿನ ಎದುರಿಗೇ, ಒಂದು ಕಣ್ಣು ಮುಚ್ಕೊಂಡು ನಿಂತು ನೋಡಿದ್ರೆ ಚಪ್ಪಟೆ ಕಾಗದ ಒಳಗೆ ಇಳಿದು ಕೋಣೆ ಆಗುತ್ತೆ. ಒಂದು ಹೆಜ್ಜೆ ಪಕ್ಕಕ್ಕೆ ಹೋದ್ರೆ ಮತ್ತೆ ಕಾಗದ. ಲೆಕ್ಕ ಮಾಡಿ ಬಂದ ಉತ್ತರವನ್ನ ಹೀಗೆ ಸ್ವಂತ ಕಣ್ಣಲ್ಲೇ ಚೆಕ್ ಮಾಡೋ ಅವಕಾಶ ಡಿಗ್ರಿ ಮ್ಯಾತ್ಸಲ್ಲಿ ಎಷ್ಟು ಕಡೆ ಸಿಗುತ್ತೆ ಹೇಳಿ.

ಟೂ ಪಾಯಿಂಟ್ ಚಿತ್ರದ್ದು ಇನ್ನೂ ಚೆನ್ನಾಗಿದೆ. ಪೆಟ್ಟಿಗೆಯ ಒಂದಕ್ಕೊಂದು ಲಂಬವಾಗಿರೋ ಎರಡು ಅಡ್ಡ ದಿಕ್ಕುಗಳ ವ್ಯಾನಿಶಿಂಗ್ ಪಾಯಿಂಟ್‌ಗಳು ಗೊತ್ತಿದ್ರೆ, ಮೇಲಿಂದ ನೋಡಿದಾಗ ಕಣ್ಣು ಆ ಎರಡು ಬಿಂದುಗಳನ್ನ ವ್ಯಾಸ ಮಾಡ್ಕೊಂಡ ಅರ್ಧವೃತ್ತದ ಮೇಲೇ ಇರ್ಬೇಕು, ಯಾಕಂದ್ರೆ ಅರ್ಧವೃತ್ತದೊಳಗಿನ ಕೋನ ಲಂಬಕೋನ, ಹೈಸ್ಕೂಲಲ್ಲಿ ಓದಿದ ಪ್ರಮೇಯ ಅದು. ಇದ್ರಿಂದ ಒಂದು ಹಳೇ ತಕರಾರು ಬಗೆಹರಿಯುತ್ತೆ. ಡ್ರಾಯಿಂಗ್ ಬುಕ್ಕಲ್ಲಿ ಎರಡೂ ವ್ಯಾನಿಶಿಂಗ್ ಪಾಯಿಂಟನ್ನ ಪುಟದ ಒಳಗೇ, 10 ಸೆಂಟಿಮೀಟರ್ ಅಂತರದಲ್ಲಿ ಇಟ್ಕೊಂಡು ಮನೆ ಬರೆದ್ರೆ ಮನೆ ಮೂಲೆ ಚೂಪಾಗಿ ಮುಂದಕ್ಕೆ ಚಾಚಿಕೊಂಡು ವಿಕಾರವಾಗಿ ಕಾಣುತ್ತೆ, ಎಲ್ಲಾ ಗೆರೆ ನಿಯಮದ ಪ್ರಕಾರಾನೇ ಎಳೆದಿದ್ರೂ. ಕಾರಣ ಇಷ್ಟೇ, ಅರ್ಧವೃತ್ತದ ತ್ರಿಜ್ಯ 5 ಸೆಂಟಿಮೀಟರ್, ಹಾಗಾಗಿ ಆ ಚಿತ್ರವನ್ನ ಹೆಚ್ಚೆಂದ್ರೆ 5 ಸೆಂಟಿಮೀಟರ್ ದೂರದಿಂದ ನೋಡ್ಬೇಕು, ಅಷ್ಟು ಹತ್ರ ಕಣ್ಣಿಗೆ ಫೋಕಸ್ಸೇ ಆಗಲ್ಲ. ಚಿತ್ರ ಸರಿಯಾಗಿದೆ, ನೋಡೋ ಜಾಗ ತಪ್ಪಾಗಿದೆ. ವೈಡ್ ಆಂಗಲ್ ಫೋಟೋದಲ್ಲಿ ಅಂಚಲ್ಲಿ ನಿಂತೋರ ಮುಖ ಎಳೆದಂಗೆ ಕಾಣೋದಕ್ಕೂ ಇದೇ ಕಾರಣ. ಡ್ರಾಯಿಂಗ್ ಹೇಳ್ಕೊಡೋರು "ಬಿಂದುಗಳನ್ನ ದೂರ ಇಡಿ" ಅಂತ ಹೇಳ್ತಾರೆ, ಯಾಕೆ ಮತ್ತೆ ಎಷ್ಟು ಅನ್ನೋದನ್ನ ಇಲ್ಲಿ ಲೆಕ್ಕ ಹೇಳುತ್ತೆ. ಚಿತ್ರಕಲೆಗೂ ಗಣಿತಕ್ಕೂ ನಿಜವಾಗ್ಲೂ ಕೊಡುಕೊಳ್ಳೋದು ಇರೋದು ಇಂಥ ಕಡೆ.

ಚಿತ್ರಗಳ ಆಯ್ಕೆನೂ ಒಳ್ಳೇದಿದೆ. ಮಸಾಚೊ 1420ರ ದಶಕದಲ್ಲಿ ಫ್ಲಾರೆನ್ಸಿನ ಚರ್ಚಿನ ಗೋಡೆ ಮೇಲೆ ಬರೆದ ಟ್ರಿನಿಟಿ ಚಿತ್ರದಲ್ಲಿ ವ್ಯಾನಿಶಿಂಗ್ ಪಾಯಿಂಟ್ ಕೆಳಗಡೆ, ನಿಂತು ನೋಡೋರ ಕಣ್ಣಿನ ಎತ್ತರದ ಹತ್ರಾನೇ ಇದೆ, ಹಾಗಾಗಿ ಗೋಡೆ ನಿಜವಾಗ್ಲೂ ಒಳಕ್ಕೆ ತೆರೆದಂಗೆ ಕಾಣುತ್ತೆ. ಲಿಯೊನಾರ್ಡೋನ ಲಾಸ್ಟ್ ಸಪ್ಪರಲ್ಲಿ ಅದು ಏಸುವಿನ ಬಲಗಣ್ಣಿನ ಪಕ್ಕದ ಕಣತಲೆ ಹತ್ರ ಇದೆ, ದಾರ ಕಟ್ಟೋಕೆ ಹೊಡೆದ ಮೊಳೆಯ ತೂತು ಕೂಡ ಅಲ್ಲೇ ಸಿಕ್ಕಿದೆ, ಆದ್ರೆ ಆ ಎತ್ತರ ನೆಲದ ಮೇಲೆ ನಿಂತೋರ ಕಣ್ಣಿಗಿಂತ ತುಂಬಾ ಮೇಲೆ. ಅಂದ್ರೆ ಆ ಕೋಣೇಲಿ ಯಾರೂ ಸರಿಯಾದ ಜಾಗದಲ್ಲಿ ನಿಲ್ಲೋಕಾಗಲ್ಲ, ಆದ್ರೂ ಚಿತ್ರ ಕೆಲಸ ಮಾಡುತ್ತೆ. ಯಾಕೆ ಅಂತ ಕ್ಲಾಸಲ್ಲಿ ಒಳ್ಳೇ ಜಗಳಾನೇ ಆಯ್ತು. ಹಾಲ್ಬೈನ್ 1533ರಲ್ಲಿ ಬರೆದ ರಾಯಭಾರಿಗಳ ಚಿತ್ರದಲ್ಲಿ ಕೆಳಗೆ ಓರೆಯಾಗಿ ಹರಡಿಕೊಂಡಿರೋ ತಲೆಬುರುಡೆ ಇದ್ಯಲ್ಲ, ಪಕ್ಕಕ್ಕೆ ಹೋಗಿ ನೋಡಿದ್ರೆ ಮಾತ್ರ ನೆಟ್ಟಗಾಗೋದು, ಅದನ್ನ ಅನಮಾರ್ಫಿಕ್ ಪಾಠಕ್ಕೆ ಇಟ್ಟಿದಾರೆ. ರಸ್ತೆ ಮೇಲೆ ಬರೆಯೋ ಅಕ್ಷರಗಳನ್ನ ಉದ್ದಕ್ಕೆ ಎಳೆದು ಬರೆಯೋದೂ ಇದೇ ಲೆಕ್ಕ.

ಈಗ ಫ್ರಾನ್ಸಿನ ಗಣಿತಜ್ಞ ಡೆಸಾರ್ಗ್‌ನ ಪ್ರಮೇಯ. ಎರಡು ತ್ರಿಭುಜಗಳ ಜೋಡಿ ಶೃಂಗಗಳನ್ನ ಸೇರಿಸೋ ಮೂರು ಗೆರೆ ಒಂದೇ ಬಿಂದುವಲ್ಲಿ ಸೇರಿದ್ರೆ, ಜೋಡಿ ಬಾಹುಗಳು ಸೇರೋ ಮೂರು ಬಿಂದುಗಳು ಒಂದೇ ಗೆರೆ ಮೇಲೆ ಇರ್ತವೆ. ಹೀಗೆ ಬರೆದ್ರೆ ಯಾರಿಗೂ ಏನೂ ಅನ್ಸಲ್ಲ. ಇವ್ರು ಕೊಡೋದು ನೆರಳಿನ ಚಿತ್ರ. ಒಂದು ಲ್ಯಾಂಪು, ಅದರ ಮುಂದೆ ಓರೆಯಾಗಿ ನಿಲ್ಸಿರೋ ತ್ರಿಭುಜದ ಗಾಜು, ನೆಲದ ಮೇಲೆ ಅದರ ನೆರಳು, ಬರೀರಿ. ಗಾಜಿನ ಒಂದು ಬಾಹುವನ್ನೂ ಅದರ ನೆರಳನ್ನೂ ಮುಂದುವರಿಸಿ. ಎರಡೂ ಲ್ಯಾಂಪಿನ ಮೂಲಕ ಹೋಗೋ ಒಂದೇ ಸಮತಲದಲ್ಲಿವೆ, ಹಾಗಾಗಿ ಸೇರ್ಲೇಬೇಕು, ಸೇರೋ ಬಿಂದು ಗಾಜಿನ ಸಮತಲದಲ್ಲೂ ಇದೆ, ನೆಲದಲ್ಲೂ ಇದೆ, ಅಂದ್ರೆ ಗಾಜು ನೆಲ ಎರಡೂ ಕೂಡೋ ಗೆರೆ ಮೇಲಿದೆ. ಮೂರು ಬಾಹುವಿಗೂ ಇದೇ ಮಾತು. ಮುಗೀತು ಪ್ರೂಫು. ಒಂದು ಬಾಹು ನೆಲಕ್ಕೆ ಸಮಾಂತರ ಇದ್ರೆ? ಅದರ ನೆರಳೂ ಅದಕ್ಕೆ ಸಮಾಂತರ, ಸೇರೋದು ಅನಂತದಲ್ಲಿ, ಪ್ರಮೇಯ ಹಾಗೇ ನಿಲ್ಲುತ್ತೆ. ಯೂಕ್ಲಿಡ್ ಥರ ಹೇಳೋಕೆ ಹೋದ್ರೆ ಇದಕ್ಕೊಂದು, ಅದಕ್ಕೊಂದು ಅಂತ ಬೇರೆ ಬೇರೆ ಕೇಸು ಮಾಡ್ಬೇಕು. ಅನಂತದ ಬಿಂದುವನ್ನ ಸೇರಿಸ್ಕೊಂಡ ಲಾಭ ಏನು ಅಂತ ಹುಡುಗ್ರು ಇಲ್ಲಿ ಲೆಕ್ಕ ಸಮೇತ ನೋಡ್ತಾರೆ. ಇನ್ನೊಂದು ಸಂಗತಿ ಏನಂದ್ರೆ ಅವ್ರು ಬರೆದದ್ದು ಚಪ್ಪಟೆ ಕಾಗದದ ಮೇಲೆ, ಸಮತಲದ ಡೆಸಾರ್ಗ್ ಚಿತ್ರಾನೂ ಅದೇ ಆಗಿರುತ್ತೆ, ಬರೀ ಸಮತಲದ ಚಿತ್ರವನ್ನ ಮೂರು ಆಯಾಮದ ನೆರಳಿನ ಚಿತ್ರ ಅಂತ ಓದ್ಕೊಂಡ್ರೆ ಪ್ರೂಫಿನ ಮುಖ್ಯ ಐಡಿಯಾ ಕೈಗೆ ಸಿಕ್ಕಂಗೆ.

ಇಲ್ಲೇ ನನ್ನ ಮೊದಲ ಕಂಪ್ಲೇಂಟು. ಮೂರನೇ ಆಯಾಮಕ್ಕೆ ಎತ್ತೋಕೆ ಆಗದೇ ಇದ್ರೆ ಏನಾಗುತ್ತೆ ಅಂತ ಕೋರ್ಸ್ ಒಂದು ಮಾತೂ ಹೇಳಲ್ಲ. ಡೆಸಾರ್ಗ್ ಪ್ರಮೇಯ ಸುಳ್ಳಾಗೋ ಸಮತಲಗಳಿವೆ, 1902ರಲ್ಲಿ ಮೌಲ್ಟನ್ ಕೊಟ್ಟ ಉದಾಹರಣೆ ತುಂಬಾ ಸರಳ, ಕೆಲವು ಗೆರೆಗಳನ್ನ ಒಂದು ಅಕ್ಷ ದಾಟೋವಾಗ ಬಗ್ಗಿಸ್ತಾನೆ ಅಷ್ಟೇ, ಅದನ್ನ ಬರೆದು ನೋಡೋದೂ ಡ್ರಾಯಿಂಗೇ. ಇದೊಂದು ವರ್ಕ್‌ಶೀಟ್ ಇದ್ದಿದ್ರೆ ಕಣ್ಣಿಗೆ ಸರಿ ಕಾಣೋದಕ್ಕೂ ಸಾಧಿಸೋದಕ್ಕೂ ಇರೋ ದೂರ ಹುಡುಗ್ರಿಗೆ ಚೆನ್ನಾಗಿ ತಿಳೀತಿತ್ತು. ಚಿತ್ರದಿಂದ ಕಲಿಸೋ ಕೋರ್ಸಿಗೆ ಇದು ತುಂಬಾ ಬೇಕಾಗಿರೋ ಪಾಠ ಅಂತ ನನ್ನ ಅಭಿಪ್ರಾಯ.

ಎರಡನೇದು, ದೊಡ್ಡದು, ಬೀಜಗಣಿತ. ಅಷ್ಟು ಸಮಾಧಾನವಾಗಿ ಗೆರೆ ಎಳೆಸಿ ಕರ್ಕೊಂಡು ಬಂದೋರು ಕೊನೇ ವಾರಗಳಲ್ಲಿ ದಿಢೀರಂತ ಮೂರು ಬೈ ಮೂರು ಮ್ಯಾಟ್ರಿಕ್ಸ್ ಹಾಕಿ ಓಡ್ತಾರೆ. ಹುಡುಗ್ರ ಮುಖ ಬಾಡೋಯ್ತು, ಎರಡು ಬೇರೆ ಬೇರೆ ಕೋರ್ಸ್ ಥರ ಆಯ್ತು. ಬೇಕಾಗಿದ್ದದ್ದು ಒಂದೇ ಸೇತುವೆ, ಅದೂ ಮೊದಲ ದಿನದ ಗಾಜಲ್ಲೇ ಇದೆ. ಕಣ್ಣು ಮೂಲಬಿಂದು, ಗಾಜು ಎದುರಿಗೆ ಡಿ ದೂರದಲ್ಲಿ ಅನ್ಕೊಳ್ಳಿ. ಹೊರಗಿರೋ ಬಿಂದುವಿನ ಎಕ್ಸ್, ವೈ ಎರಡನ್ನೂ ಝಡ್‌ನಿಂದ ಭಾಗಿಸಿ ಡಿ ಇಂದ ಗುಣಿಸಿದ್ರೆ ಗಾಜಿನ ಮೇಲಿನ ಜಾಗ ಬರುತ್ತೆ. ಎಕ್ಸ್, ವೈ, ಝಡ್ ಮೂರನ್ನೂ ಎರಡರಿಂದ ಗುಣಿಸಿ, ಗಾಜಿನ ಮೇಲಿನ ಜಾಗ ಬದಲಾಗಲ್ಲ, ಯಾಕಂದ್ರೆ ಅದೇ ನೋಟದ ಗೆರೆ ಮೇಲೆ ಇನ್ನೊಂದಿಷ್ಟು ದೂರ ಹೋಗಿದೀವಿ ಅಷ್ಟೇ. ಹೋಮೋಜೀನಿಯಸ್ ಕೋಆರ್ಡಿನೇಟ್ಸ್ ಅಂದ್ರೆ ಕಣ್ಣಿಂದ ಹೊರಟ ಗೆರೆಯ ಹೆಸರು. ಝಡ್ ಸೊನ್ನೆ ಆದ್ರೆ ಆ ಗೆರೆ ಗಾಜಿಗೆ ಸಮಾಂತರ, ಗಾಜಿನ ಮೇಲೆ ಜಾಗ ಇಲ್ಲ, ಅದೇ ಗಾಜಿನ ಅನಂತದ ಬಿಂದು. ಇಷ್ಟು ಹೇಳಿದ್ಮೇಲೆ ಮ್ಯಾಟ್ರಿಕ್ಸ್ ತಾನಾಗೇ ಇಳೀತು. ನಾನು ಈ ಪಾಠವನ್ನ ಬೇಲಿ ಕಂಬ ಆದ ಕೂಡ್ಲೇ ಸೇರಿಸ್ಬಿಟ್ಟೆ, ನೀವೂ ಹಾಗೇ ಮಾಡಿ.

ಯಾವ ಮೂರೂ ಒಂದೇ ಗೆರೆ ಮೇಲಿಲ್ಲದ ನಾಲ್ಕು ಬಿಂದುಗಳು ಎಲ್ಲಿಗೆ ಹೋಗ್ತವೆ ಅಂತ ಗೊತ್ತಾದ್ರೆ ಇಡೀ ಸಮತಲ ಎಲ್ಲಿಗೆ ಹೋಗುತ್ತೆ ಅಂತ ಗೊತ್ತಾಗುತ್ತೆ ಅನ್ನೋ ಪ್ರಮೇಯವನ್ನೂ ಹೇಳಿ ಬಿಟ್ಬಿಡ್ತಾರೆ. ಫೋನಲ್ಲಿ ಡಾಕ್ಯುಮೆಂಟ್ ಸ್ಕ್ಯಾನ್ ಮಾಡೋವಾಗ ನಾಲ್ಕು ಮೂಲೆ ಗುರುತು ಮಾಡಿದ್ರೆ ಓರೆ ಕಾಗದ ನೆಟ್ಟಗಾಗೋದು ಇದೇ ಅಲ್ವಾ, ಅದನ್ನ ಕೈಯಲ್ಲೇ ಲೆಕ್ಕ ಮಾಡಿಸ್ಬಹುದಿತ್ತು.

ಶಂಕುಛೇದಗಳದ್ದೂ (ಶಂಕುವನ್ನ ಸಮತಲದಿಂದ ಕತ್ತರಿಸಿದಾಗ ಸಿಗೋ ವೃತ್ತ, ದೀರ್ಘವೃತ್ತ, ಪ್ಯಾರಾಬೋಲಾ, ಹೈಪರ್‌ಬೋಲಾ) ಅರ್ಧಂಬರ್ಧ. ವೃತ್ತವನ್ನ ಚೌಕದೊಳಗೆ ಇಟ್ಟು ಚೌಕದ ಚಿತ್ರ ಬರೆದು ಅದರೊಳಗೆ ದೀರ್ಘವೃತ್ತ ಕೂರಿಸೋದು ಹೇಳ್ಕೊಡ್ತಾರೆ, ವೃತ್ತದ ಕೇಂದ್ರದ ಚಿತ್ರ ದೀರ್ಘವೃತ್ತದ ಕೇಂದ್ರದಲ್ಲಿ ಬೀಳಲ್ಲ ಅನ್ನೋದನ್ನೂ ತೋರಿಸ್ತಾರೆ, ಅಲ್ಲಿಗೆ ನಿಲ್ಲಿಸ್ತಾರೆ. ನೆಲದ ಮೇಲಿನ ದೊಡ್ಡ ವೃತ್ತದ ಅಂಚಿನ ಮೇಲೇ ನಿಂತು ಕೇಂದ್ರದ ಕಡೆ ಮುಖ ಮಾಡಿದ್ರೆ ಎದುರಿನ ಗಾಜಲ್ಲಿ ಬೀಳೋದು ಪ್ಯಾರಾಬೋಲಾ, ವೃತ್ತದ ಒಳಗೆ ನಿಂತ್ರೆ ಹೈಪರ್‌ಬೋಲಾದ ಒಂದು ಶಾಖೆ. ಹೊರಗೆ ನಿಂತ್ರೆ ಮಾತ್ರ ದೀರ್ಘವೃತ್ತ. ಮೂರೂ ಒಂದೇ ವೃತ್ತ, ನಿಂತ ಜಾಗ ಬೇರೆ. ಪಾಸ್ಕಲ್ ಹದಿನಾರನೇ ವಯಸ್ಸಲ್ಲಿ, 1640ರಲ್ಲಿ, ಶಂಕುಛೇದಗಳ ಮೇಲೆ ಬರೆದದ್ದರ ಹಿಂದೆ ಇರೋ ಶಕ್ತಿನೇ ಇದು, ವೃತ್ತಕ್ಕೆ ಸಾಧಿಸಿದ್ರೆ ಎಲ್ಲದಕ್ಕೂ ಸಾಧಿಸಿದಂಗೆ. ಸೀಮೆಸುಣ್ಣದಲ್ಲಿ ದೊಡ್ಡ ವೃತ್ತ ಎಳೆದು ಹುಡುಗ್ರನ್ನ ಒಳಗೆ ಹೊರಗೆ ನಿಲ್ಸಿ ಮಾಡಿಸೋ ಪಾಠ ಇದು, ಬಿಟ್ಟಿದ್ದು ನಷ್ಟ.

ಇತಿಹಾಸದ ಭಾಗ ಓದೋಕೆ ಚೆನ್ನಾಗಿದೆ ಆದ್ರೆ ತೀರಾ ನೆಟ್ಟಗಿದೆ. ಕಲಾವಿದರಾದ ಬ್ರೂನೆಲೆಸ್ಕಿ, ಆಲ್ಬರ್ಟಿ, ಡ್ಯೂರರ್, ಆಮೇಲೆ ಗಣಿತಜ್ಞರಾದ ಡೆಸಾರ್ಗ್, ಪೊನ್ಸೆಲೆ ಅಂತ ಒಬ್ಬರ ಕೈಯಿಂದ ಇನ್ನೊಬ್ಬರು ದೀಪ ತಗೊಂಡು ಓಡಿದಂಗೆ ಹೇಳ್ತಾರೆ. ನಿಜದಲ್ಲಿ ಡೆಸಾರ್ಗ್ 1639ರಲ್ಲಿ ಬರೆದದ್ದು ಅಚ್ಚಾಗಿದ್ದೇ ಕೆಲವೇ ಪ್ರತಿ, ಗಿಡಮರಗಳಿಂದ ತಂದ ವಿಚಿತ್ರ ಪದಗಳು ತುಂಬಿರೋ ಬರಹ ಅದು, ಹೆಚ್ಚು ಜನ ಓದ್ಲಿಲ್ಲ, ಆಮೇಲೆ ಕಳೆದೇ ಹೋಯ್ತು. ಲಾ ಇರ್ ಅನ್ನೋ ಗಣಿತಜ್ಞ ಕೈಯಲ್ಲಿ ನಕಲು ಮಾಡ್ಕೊಂಡಿದ್ದ ಪ್ರತಿ ಶಾಲ್ ಅನ್ನೋ ಇನ್ನೊಬ್ಬ ಗಣಿತಜ್ಞನಿಗೆ ಸಿಕ್ಕಿದ್ದು 1845ರಲ್ಲಿ. ಅದಕ್ಕೆ ಮುಂಚೆನೇ ಪೊನ್ಸೆಲೆ, 1812ರಲ್ಲಿ ನೆಪೋಲಿಯನ್ ಸೈನ್ಯದ ಜೊತೆ ರಷ್ಯಾಕ್ಕೆ ಹೋಗಿ ಸೆರೆ ಸಿಕ್ಕು, ಸರಾತೊವ್‌ನಲ್ಲಿ ಪುಸ್ತಕಗಳಿಲ್ಲದೇ ನೆನಪಿಂದ ಜಾಮೆಟ್ರಿ ಕಟ್ಟಿ, 1822ರಲ್ಲಿ ಪ್ರಕಟಿಸಿದ್ದ. ಮಧ್ಯೆ ಅಷ್ಟು ದೊಡ್ಡ ಖಾಲಿ ಇದೆ. ಪ್ರಮೇಯ ಸರಿ ಇದ್ರೂ ಓದೋರಿಗೆ ಅರ್ಥ ಆಗೋ ಥರ ಬರೀದೇ ಇದ್ರೆ ಹೀಗೂ ಆಗುತ್ತೆ ಅಂತ ಪ್ರೂಫ್ ಬರೆಯೋಕೆ ಕಲೀತಿರೋರಿಗೆ ಹೇಳ್ಬೇಕಲ್ವಾ, ಒಂದೇ ಸ್ಲೈಡಲ್ಲಿ ದಾಟಿಸ್ಬಿಡ್ತಾರೆ.

ಪ್ರಾಕ್ಟಿಕಲ್ ವಿಷಯಗಳು. ಸಾಮಾನು ಕಮ್ಮಿ, ಪೆನ್ಸಿಲ್, ಮಾಸ್ಕಿಂಗ್ ಟೇಪ್, ದಾರ, ಉದ್ದ ಸ್ಕೇಲು, ಕಾಗದ. ಸ್ಕೇಲು ಉದ್ದಾನೇ ಇರ್ಲಿ, ಕಾಗದವನ್ನ ಟೇಬಲ್ಲಿಗೆ ಅಂಟಿಸಿ ವ್ಯಾನಿಶಿಂಗ್ ಪಾಯಿಂಟನ್ನ ಟೇಬಲ್ ಮೇಲೆ ಗುರುತು ಮಾಡ್ಕೋಬೇಕಾಗುತ್ತೆ. ಟ್ಯಾಬ್ಲೆಟಲ್ಲಿ ಮಾಡಿದೋರು ಒದ್ದಾಡಿದ್ರು, ಬಿಂದು ಸ್ಕ್ರೀನ್ ಆಚೆ ಹೋಗುತ್ತೆ, ಝೂಮ್ ಮಾಡಿ ಚಿಕ್ಕದು ಮಾಡ್ಕೊಂಡ್ರೆ ಗೆರೆ ನಿಖರ ಬರಲ್ಲ. ಕಂಪ್ಯೂಟರಲ್ಲಿ ಜಾಮೆಟ್ರಿ ಚಿತ್ರ ಬರೆಯೋ ಜಿಯೋಜೀಬ್ರಾ ಸಾಫ್ಟ್‌ವೇರನ್ನ ಅರ್ಧ ಕೋರ್ಸ್ ಆಗೋ ತನಕ ಮುಟ್ಟಬಾರದು ಅಂತ ನಿಯಮ ಇದೆ, ಅದಕ್ಕೆ ನನ್ನ ಪೂರ್ತಿ ಒಪ್ಪಿಗೆ, ಕೈಯಲ್ಲಿ ಎಳೆದು ಗೆರೆ ತಪ್ಪಿದಾಗ ಆಗೋ ಯೋಚನೆ ಮೌಸಲ್ಲಿ ಎಳೆದ್ರೆ ಆಗಲ್ಲ. ಆಮೇಲೆ ಬಿಂದು ಹಿಡಿದು ಎಳೆದಾಡೋಕೆ ಅದೇ ಬೆಸ್ಟು. ಲೈವ್ ಕ್ಲಾಸ್ ತಗೊಳ್ಳೋರು ತಾಳ್ಮೆಯೋರು, ಉತ್ತರ ಬೇಗ ಹೇಳ್ಬಿಡಲ್ಲ.

"ನಂಗೆ ಚಿತ್ರ ಬರೆಯೋಕೆ ಬರಲ್ಲ" ಅಂತ ಹೆದರಿದೋರು ಇದ್ರು. ಇಲ್ಲಿ ಬೇಕಾಗಿರೋದು ಸ್ಕೇಲ್ ಹಿಡಿಯೋ ಕೈ, ಅಷ್ಟೇ, ಎರಡನೇ ವಾರಕ್ಕೆ ಆ ಹೆದರಿಕೆ ಹೋಗುತ್ತೆ. ಆದ್ರೆ ಕೊನೇ ಪ್ರಾಜೆಕ್ಟಿಗೆ ಮಾರ್ಕ್ಸ್ ಕೊಡೋವಾಗ ಚಿತ್ರದ ಅಂದಕ್ಕೂ ನೀಟ್‌ನೆಸ್‌ಗೂ ಒಂದು ಪಾಲು ಇಟ್ಟಿದಾರೆ, ಇದು ನಂಗೆ ಸರಿ ಕಾಣ್ಲಿಲ್ಲ. ಶೇಡಿಂಗ್ ಚೆನ್ನಾಗಿ ಮಾಡಿದೋನಿಗೆ ಹೆಚ್ಚು, ಕಣ್ಣಿನ ಜಾಗವನ್ನ ಸರಿಯಾಗಿ ಲೆಕ್ಕ ಹಾಕಿ ಪ್ರೂಫ್ ಬರೆದವಳಿಗೆ ಕಮ್ಮಿ ಬಂದ್ರೆ ಅದು ಮ್ಯಾತ್ಸ್ ಕೋರ್ಸ್ ಆಗಲ್ಲ. ನಮ್ಮಲ್ಲಿ ಆ ಪಾಲನ್ನ ತೆಗೆದು, ನೋಡೋ ಜಾಗ ಎಲ್ಲಿ, ಯಾಕೆ ಅಂತ ವಿವರಿಸೋದಕ್ಕೆ ಹಾಕಿದ್ವಿ. ಕಣ್ಣು ಸರಿಯಾಗಿ ಕಾಣದ ವಿದ್ಯಾರ್ಥಿಗಳಿಗೆ ದಾರದ ಮಾಡೆಲ್ ಒಂದಿದೆ, ಡ್ಯೂರರ್‌ನ 1525ರ ಪುಸ್ತಕದಲ್ಲಿ ಗೋಡೆಯ ಕೊಂಡಿಯಿಂದ ದಾರ ಎಳೆದು ಚೌಕಟ್ಟಿನ ಮೂಲಕ ವೀಣೆಯಂಥ ವಾದ್ಯವನ್ನ ಚಿತ್ರಿಸೋ ಮರದಚ್ಚಿನ ಚಿತ್ರ ಇದೆಯಲ್ಲ, ಅದೇ ಥರ. ಬೆರಳಲ್ಲಿ ಮುಟ್ಟಿ ದಾರಗಳು ಹತ್ರ ಆಗೋದನ್ನ ತಿಳಿಬಹುದು. ಇದನ್ನ ಹೆಚ್ಚುವರಿ ವಿಡಿಯೋಗಳ ಮಧ್ಯೆ ಮುಚ್ಚಿಟ್ಟಂಗಿದೆ, ಎಲ್ಲರಿಗೂ ಮೊದಲ ವಾರದಲ್ಲೇ ತೋರಿಸ್ಬೇಕು.

ಯಾರು ತಗೋಬೇಕು ಅಂದ್ರೆ, ಪ್ರೂಫ್ ಬರೆಯೋಕೆ ಈಗ ತಾನೇ ಕಲೀತಿರೋ ಎರಡನೇ ವರ್ಷದೋರಿಗೆ, ಮುಂದೆ ಟೀಚರ್ ಆಗೋರಿಗೆ, ಗ್ರಾಫಿಕ್ಸ್ ಇಲ್ಲಾ ಕಂಪ್ಯೂಟರ್ ವಿಷನ್ ಕಡೆ ಹೋಗೋ ಆಸೆ ಇರೋರಿಗೆ ಇದು ತುಂಬಾ ಒಳ್ಳೇ ಬುನಾದಿ. ಚಿತ್ರಕಲೆ ಓದೋರೂ ಮೊದಲ ಭಾಗ ಆರಾಮಾಗಿ ಮಾಡ್ಬಹುದು. ಫೈನೈಟ್ ಜಾಮೆಟ್ರಿ, ಆಲ್ಜೀಬ್ರಾಯಿಕ್ ಜಾಮೆಟ್ರಿಗೆ ತಯಾರಿ ಬೇಕು ಅನ್ನೋರಿಗೆ ಇದೊಂದೇ ಸಾಲಲ್ಲ, ಏಳು ಬಿಂದು ಏಳು ಗೆರೆಯ ಫ್ಯಾನೋ ಸಮತಲದ ಹೆಸರು ಕೂಡ ಇಲ್ಲಿ ಬರಲ್ಲ. ಒಬ್ಬರೇ ಕೂತು ಮಾಡೋರು ಯೋಚ್ನೆ ಮಾಡಿ ತಗೊಳ್ಳಿ, ಕಿಟಕಿ ಕೆಲಸಕ್ಕೆ ಕನಿಷ್ಠ ಇನ್ನೊಬ್ರು ಬೇಕೇ ಬೇಕು, ಅದನ್ನ ವಿಡಿಯೋದಲ್ಲಿ ನೋಡಿ ದಾಟಿಸಿದ್ರೆ ಉಳಿದದ್ದೂ ಅರ್ಧ ಹೋಯ್ತು. ಐದಕ್ಕೆ ನಾಲ್ಕು ಸ್ಟಾರ್ ಕೊಡ್ತಾ ಇದೀನಿ, ಬೀಜಗಣಿತದ ಭಾಗ ಸರಿ ಮಾಡಿ ಮೌಲ್ಟನ್ ವರ್ಕ್‌ಶೀಟ್ ಒಂದು ಸೇರಿಸಿದ್ರೆ ಐದನೇದನ್ನೂ ಖುಷಿಯಿಂದ ಕೊಡ್ತೀನಿ, ಅವ್ರಿಗೂ ಹೀಗೇ ಬರೆದು ಕಳ್ಸಿದೀನಿ.